ಶುಕ್ರವಾರ ಸಂಜೆಗೆ ಒಂದು ಬೀಗದ ಕೈ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ನಮ್ಮ ರಾಜ್ಯದ ತಾಲೂಕು ಆಸ್ಪತ್ರೆಗಳ ವೈದ್ಯರಿಗೆ,

ನಮಸ್ಕಾರ. ನಾನು ಕುಡಿತ ಬಿಟ್ಟು ಒಂಬತ್ತು ವರ್ಷ ನಾಲ್ಕು ತಿಂಗಳಾಯಿತು. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಇದ್ದೇನೆ. ಒಂದಿಷ್ಟು ತೆಂಗು ಇದೆ, ಒಂದು ಸಣ್ಣ ಗ್ಯಾರೇಜು ಇದೆ. ಪತ್ರಕ್ಕೆ ಹೆಸರು ಹಾಕಿಲ್ಲ. ನನ್ನ ಹೆಸರು ಗೊತ್ತಾದರೆ ನನ್ನ ಪಕ್ಕ ಕೂರುವವರು ಯಾರು ಅಂತ ಊರಿನವರು ಲೆಕ್ಕ ಹಾಕುತ್ತಾರೆ, ಅವರಲ್ಲಿ ಇಬ್ಬರ ಮನೆಯಲ್ಲಿ ಈಗ ಮಗಳ ಮದುವೆ ಮಾತುಕತೆ ನಡೆಯುತ್ತಿದೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಸಂಜೆ, ಎರಡು ಗಂಟೆ, ಒಂದು ಕೋಣೆ ಬೇಕು. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಅವರ ಮನೆಯವರು ಬಂದು ಕೂತು ಮಾತಾಡಲು. ಆ ಕೋಣೆಗೆ ಜನರನ್ನು ಕಳಿಸುವ ಒಬ್ಬ ವೈದ್ಯರು ಬೇಕು. ಕೂಟ ನೋಡಿಕೊಳ್ಳಲು, ತಾನೇ ಆ ಹಾದಿಯಲ್ಲಿ ಬಿದ್ದು ಎದ್ದು ಬಂದ ಒಬ್ಬರಿಗೆ ತರಬೇತಿ ಮತ್ತು ಸಂಬಳ ಬೇಕು. ಇಷ್ಟೇ. ಯಾಕೆ ಅಂತ ಮುಂದೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೂರು ಸಲ ಬಿಟ್ಟವನು. ಮೊದಲ ಸಲ ನನ್ನ ಹೆಂಡತಿ, ಪಾಪ, ಬಸ್ ಸ್ಟ್ಯಾಂಡ್ ಗೋಡೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಪುಡಿ ತರಿಸಿ ನನಗೆ ತಿಳಿಯದ ಹಾಗೆ ಸಾರಿಗೆ ಹಾಕಿದಳು. ಆ ಜಾಹೀರಾತು ನೀವೂ ನೋಡಿರುತ್ತೀರಿ, "ಕುಡಿಯುವವರಿಗೆ ಗೊತ್ತಾಗದಂತೆ ಬೆರೆಸಿ" ಅಂತ ಬರೆದಿರುತ್ತಾರೆ. ಅದರ ಮೇಲೆ ಕುಡಿದೆ. ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿ ಆಗಿ, ಅಂಗಳದಲ್ಲಿ ಬಿದ್ದೆ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ಅದರ ಮೇಲೆ ಕುಡಿದರೆ ಹೀಗೇ ಆಗುತ್ತದೆ. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಕದ್ದು ಹಾಕಿದರೆ ಜೀವವೇ ಹೋಗಬಹುದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಎರಡನೇ ಸಲ ಒಂದು ಖಾಸಗಿ ಕೇಂದ್ರಕ್ಕೆ ಹಾಕಿದರು, ಮೂರು ತಿಂಗಳು. ಹೆಸರು ಬೇಡ. ಬಾಗಿಲಿಗೆ ಹೊರಗಿನಿಂದ ಬೀಗ, ಬೆಳಿಗ್ಗೆ ಬೈಗುಳ, ಮಾತು ಕೇಳದಿದ್ದರೆ ಏಟು. ಹೊರಗೆ ಬಿಟ್ಟ ದಿನ ಮನೆ ತಲುಪುವ ಮೊದಲೇ ಕುಡಿದಿದ್ದೆ.

ಮೂರನೇ ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬರು ಒಳ್ಳೆಯ ವೈದ್ಯರು ಸಿಕ್ಕರು. ಹತ್ತು ದಿನ ಒಳಗೆ ಇಟ್ಟುಕೊಂಡು ಕೈ ನಡುಕ ನಿಲ್ಲಿಸಿದರು, ನಿದ್ದೆ ಬರುವ ಹಾಗೆ ಮಾಡಿದರು, ಒಂದು ದಿನವೂ ಗದರಲಿಲ್ಲ. ಹನ್ನೊಂದನೇ ದಿನ ಚೀಟಿ ಬರೆದುಕೊಟ್ಟು, ತಿಂಗಳು ಬಿಟ್ಟು ಬಾ ಅಂದರು. ಅವರ ತಪ್ಪೇನೂ ಇಲ್ಲ. ಹೊರಗೆ ನೂರು ಜನ ಕಾಯುತ್ತಿದ್ದರು. ಆದರೆ ಆ ದಿನ ಸಂಜೆ ಆರೂವರೆಗೆ ನಾನು ಎಲ್ಲಿಗೆ ಹೋಗಬೇಕಿತ್ತು?

ಈ ಪ್ರಶ್ನೆಯನ್ನು ದಯವಿಟ್ಟು ಒಂದು ನಿಮಿಷ ಇಟ್ಟುಕೊಳ್ಳಿ. ಸಂಜೆ ಆರರಿಂದ ಎಂಟು ಗಂಟೆ. ಇಪ್ಪತ್ತು ವರ್ಷ ಆ ಹೊತ್ತಿಗೆ ಕಾಲು ತಾನಾಗಿ ಒಂದು ದಿಕ್ಕಿಗೆ ನಡೆದಿರುತ್ತದೆ. ಇರುವ ಗೆಳೆಯರೆಲ್ಲ ಅಲ್ಲಿಯವರೇ. ಮನೆಯಲ್ಲಿ ಮಕ್ಕಳು ನನ್ನ ಮುಖ ನೋಡುವುದಿಲ್ಲ, ಹೆಂಡತಿ ಮಾತಿಗೊಮ್ಮೆ ಬಾಯಿ ವಾಸನೆ ನೋಡುತ್ತಾಳೆ. ಅವಳಿಗೆ ಆ ಹಕ್ಕಿತ್ತು. ಆದರೂ ಕುಡಿಯದ ದಿನವೂ ಕುಡುಕನ ಹಾಗೆ ನೋಡಿಸಿಕೊಳ್ಳುವುದು ಕಷ್ಟ. ಆ ಎರಡು ಗಂಟೆ ಕಳೆಯಲು ಒಂದು ಜಾಗ ಇಲ್ಲದಿದ್ದರೆ ಆಸ್ಪತ್ರೆಯ ಆ ಹತ್ತು ದಿನ, ಸರ್ಕಾರದ ಅಷ್ಟು ಔಷಧಿ, ಆ ವೈದ್ಯರ ಒಳ್ಳೆಯತನ, ಎಲ್ಲ ಎರಡು ವಾರದಲ್ಲಿ ನೀರಿಗೆ ಹೋಗುತ್ತದೆ.

ನನ್ನನ್ನು ಉಳಿಸಿದ್ದು ಒಬ್ಬ ರಿಟೈರ್ಡ್ ಬಸ್ ಡ್ರೈವರ್. ಆಸ್ಪತ್ರೆಯ ಗೇಟಿನಲ್ಲಿ ನನ್ನ ಕೈಯಲ್ಲಿದ್ದ ಚೀಟಿ ನೋಡಿ ಟೀ ಕುಡಿಯಲು ಕರೆದರು. ಬುದ್ಧಿ ಹೇಳಲಿಲ್ಲ. ಅವರು ಕೇಳಿದ ಮೊದಲ ಮಾತು, "ನೀನು ಬಾಟಲಿ ಎಲ್ಲಿ ಬಚ್ಚಿಡ್ತಿದ್ದೆ?" ನಾನು ಪಂಪ್‌ಹೌಸಿನ ಮೋಟಾರ್ ಡಬ್ಬದ ಹಿಂದೆ ಇಡುತ್ತಿದ್ದೆ. ಅವರು ಹುಲ್ಲಿನ ಬಣವೆಯಲ್ಲಿ ಇಡುತ್ತಿದ್ದರಂತೆ. ಇಬ್ಬರೂ ಅತ್ತುಬಿಟ್ಟೆವು. ವೈದ್ಯರು "ದಿನಕ್ಕೆ ಎಷ್ಟು?" ಅಂತ ಕೇಳಿದಾಗ ನಾನು ಅರ್ಧಕ್ಕರ್ಧ ಸುಳ್ಳು ಹೇಳಿದ್ದೆ. ಈ ಮನುಷ್ಯನಿಗೆ ಸುಳ್ಳು ಹೇಳಲು ಆಗಲಿಲ್ಲ, ಯಾಕಂದರೆ ಅವರಿಗೆ ನನ್ನ ಎಲ್ಲ ಸುಳ್ಳೂ ಮೊದಲೇ ಗೊತ್ತಿತ್ತು.

ಅಲ್ಲಿಂದ ನಾಲ್ಕು ಜನ ಆದೆವು, ಆಮೇಲೆ ಏಳು, ಈಗ ಇಪ್ಪತ್ತರ ಮೇಲೆ. ಶುಕ್ರವಾರ ಕೂರುತ್ತೇವೆ, ಯಾಕಂದರೆ ಶನಿವಾರ ಬಟವಾಡೆ. ಕೈಗೆ ದುಡ್ಡು ಬರುವ ಹಿಂದಿನ ಸಂಜೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರೆ ಶನಿವಾರ ದಾಟುವುದು ಸ್ವಲ್ಪ ಸುಲಭ. ಒಬ್ಬೊಬ್ಬರೇ ಮಾತಾಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಉಪದೇಶ ಮಾಡುವಂತಿಲ್ಲ, "ನೀನು ಹೀಗೆ ಮಾಡಬೇಕಿತ್ತು" ಅನ್ನುವಂತಿಲ್ಲ. ಮತ್ತೆ ಕುಡಿದವನು ಬಂದರೂ ಕುರ್ಚಿ ಇರುತ್ತದೆ. ನಾವು ಅದನ್ನು ಸ್ಲಿಪ್ ಅನ್ನುತ್ತೇವೆ, ಜಾರಿದ್ದು. ಜಾರಿದವನನ್ನು ಹೊರಗೆ ಹಾಕಿದರೆ ಅವನಿಗೆ ಉಳಿಯುವುದು ಮತ್ತೆ ಅದೇ ಅಂಗಡಿ ಅಲ್ವಾ. ಯುಗಾದಿಯ ಮಾರನೇ ದಿನ ಹೊಸತೊಡಕು ಬರುತ್ತದಲ್ಲ, ಊರಿಗೆ ಊರೇ ಮಾಂಸ ಮಾಡಿ ಕುಡಿಯುವ ದಿನ, ಆವತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ನಾವು ಯಾರದಾದರೂ ತೋಟದಲ್ಲಿ ಒಟ್ಟಿಗೇ ಇರುತ್ತೇವೆ, ಅಡುಗೆ ಮಾಡಿಕೊಂಡು ಉಣ್ಣುತ್ತೇವೆ. ಬೀಗರ ಊಟಕ್ಕೆ ಹೋಗಲೇಬೇಕಾದರೆ ಇಬ್ಬಿಬ್ಬರು ಹೋಗುತ್ತೇವೆ. ಚುನಾವಣೆ ಬಂದರೆ ದಿನಾ ಸಂಜೆ ಫೋನ್ ಮಾಡಿಕೊಳ್ಳುತ್ತೇವೆ, ಯಾಕಂದರೆ ಆಗ ಬಾಟಲಿ ಬಿಟ್ಟಿಯಾಗಿ ಮನೆ ಬಾಗಿಲಿಗೇ ಬರುತ್ತದೆ. ಇಂಥದ್ದು ಯಾವ ವೈದ್ಯಕೀಯ ಪುಸ್ತಕದಲ್ಲೂ ಇರಲಾರದು. ಬಿದ್ದವರಿಗೆ ಗೊತ್ತಿರುತ್ತದೆ.

ನಾವು ಹೊಸದೇನನ್ನೂ ಕಂಡುಹಿಡಿದಿಲ್ಲ. 1935ರಲ್ಲಿ ಅಮೆರಿಕದ ಆಕ್ರಾನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನು ಮತ್ತು ಒಬ್ಬ ಸರ್ಜನ್, ಇಬ್ಬರೂ ಕುಡುಕರು, ಎದುರುಬದುರು ಕೂತು ಮಾತಾಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು ಹಾಗೆ. 1957ರಲ್ಲಿ ಅದು ಭಾರತಕ್ಕೆ ಬಂತು. ಬೆಂಗಳೂರಿನಲ್ಲಿ ಅದರ ಮೀಟಿಂಗುಗಳು ಕನ್ನಡದಲ್ಲೂ ನಡೆಯುತ್ತವೆ. ಫೀಸಿಲ್ಲ, ಹೆಸರು ಹೇಳಬೇಕಿಲ್ಲ, ಅವರು ಸರ್ಕಾರದ ದುಡ್ಡನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ, ಶಿಬಿರ ಮುಗಿದ ಮೇಲೆ ಬಿಟ್ಟವರು ಸೇರಿ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಇಬ್ಬರು ಆ ಶಿಬಿರದಿಂದ ಬಂದವರು. ಶಿಬಿರ ಎಂಟು ದಿನ, ಆಮೇಲಿನ ಸಮಿತಿ ವರ್ಷಗಟ್ಟಲೆ, ತಮ್ಮ ಕುಡಿತ ನಿಲ್ಲಿಸಿದ್ದು ಆ ಎರಡನೆಯದು ಅಂತ ಅವರಿಬ್ಬರೂ ಹೇಳುತ್ತಾರೆ. ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರಿಗೆ 2006ರಲ್ಲಿ ಕೋಣೆಯೂ ಸಿಗಲಿಲ್ಲ, ನರ್ಸುಗಳೂ ಸಿಗಲಿಲ್ಲ. ಸಿಕ್ಕಿದ್ದು 14 ಮಂದಿ ಅಜ್ಜಿಯರು. ಅವರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಸಿದವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡಿದರು. ಅದರಿಂದ ನಿಜವಾಗಿ ಉಪಯೋಗ ಆಗುತ್ತದೆ ಅಂತ 2016ರಲ್ಲಿ ಸರಿಯಾದ ಅಧ್ಯಯನ ಮಾಡಿ ತೋರಿಸಿದರು. ನಮಗೆ ಅರಳಿಕಟ್ಟೆ ಇದೆ, ಅಜ್ಜಿಯರೂ ಇದ್ದಾರೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಆಸ್ಪತ್ರೆಯಲ್ಲಿ ಇದ್ದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅಂದರೆ ನಾನು ಆ 180ರಲ್ಲಿ ಒಬ್ಬ. ಉಳಿದ 179 ಜನರನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಅವರಿಗೆಲ್ಲ ಬೇಕಾಗುವಷ್ಟು ಮನೋವೈದ್ಯರು ನಾಳೆ ಬೆಳಿಗ್ಗೆ ಹುಟ್ಟಿ ಬರುವುದಿಲ್ಲ. ಆದರೆ ಬಿಟ್ಟವರು ಪ್ರತಿ ಹೋಬಳಿಯಲ್ಲೂ ಇದ್ದಾರೆ, ಸುಮ್ನೆ ಮನೆಯಲ್ಲಿ ಕೂತಿದ್ದಾರೆ, ಅವರಿಗೆ ಯಾರೂ ಏನೂ ಕೇಳಿಲ್ಲ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು, ಮದ್ಯದಂಗಡಿಗಳು ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ನಮಗೆ ಖುಷಿ. ಹಳೇ ಗೆಳೆಯನೊಬ್ಬ ಎರಡನೇ ದಿನ ಫೋನ್ ಮಾಡಿ ಕೈ ನಡುಗುತ್ತಿದೆ, ಮೈಯೆಲ್ಲ ಬೆವರು, ನಿದ್ದೆ ಇಲ್ಲ ಅಂದ. ಸಹಿಸಿಕೋ, ಇನ್ನೆರಡು ದಿನ, ನಾವೆಲ್ಲ ದಾಟಿದ್ದೇವೆ ಅಂತ ಹೇಳಿದೆವು. ಮೂರನೇ ದಿನ ಅವನಿಗೆ ಫಿಟ್ಸ್ ಬಂತು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಅಂತ ಕೂಗಿದ. ಪೊಲೀಸರ ಕೈಕಾಲು ಹಿಡಿದು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು, ಬದುಕಿಕೊಂಡ. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಪ್ರಾಣಾಪಾಯ ಇದೆ, ಮೊದಲ ಕೆಲವು ದಿನ ವೈದ್ಯರ ಕೈಯಲ್ಲೇ ಇರಬೇಕು ಅಂತ ನಮಗೆ ಯಾರಾದರೂ ಒಂದು ಗಂಟೆ ಕೂರಿಸಿ ಹೇಳಿಕೊಟ್ಟಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಅದಕ್ಕೇ ತರಬೇತಿ ಕೇಳುತ್ತಿರುವುದು. ನಾವು ವೈದ್ಯರ ಜಾಗಕ್ಕೆ ಬರಲು ಆಸೆ ಪಡುತ್ತಿಲ್ಲ. ಯಾವಾಗ ಅವರ ಹತ್ತಿರ ಓಡಬೇಕು ಅನ್ನುವುದು ನಮಗೆ ಗೊತ್ತಿರಬೇಕು.

ಕುಡಿತದ ಜೊತೆ ಮನಸ್ಸಿನ ಕಾಯಿಲೆಯನ್ನು ಯಾಕೆ ಸೇರಿಸುತ್ತೀರಿ ಅಂತ ಕೆಲವರು ಕೇಳುತ್ತಾರೆ. ನಾವು ಬೇಕು ಅಂತ ಸೇರಿಸಲಿಲ್ಲ, ಅವೆರಡೂ ಒಟ್ಟಿಗೇ ಬಾಗಿಲು ತಟ್ಟಿದವು. ಒಬ್ಬ ಹುಡುಗ ಬರುತ್ತಿದ್ದ, ಇಪ್ಪತ್ತಮೂರು ವರ್ಷ. ಕಿವಿಯಲ್ಲಿ ಯಾರೋ ಬೈಯುತ್ತಾರೆ, ಅದು ಕೇಳಿಸಬಾರದು ಅಂತ ಕುಡಿಯುತ್ತೇನೆ ಅಂದ. ಅವನ ಮನೆಯವರು ಮೂರು ಕಡೆ ದೆವ್ವ ಬಿಡಿಸಿದ್ದರು. ನಮ್ಮಲ್ಲಿ ಒಬ್ಬರು ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಮಂಗಳವಾರ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಮಂಗಳವಾರ ಯಾಕೆ ಅಂತ ನಿಮಗೆ ಗೊತ್ತು. ನಿಮ್ಮದೇ ಮನೋಚೈತನ್ಯ ಕಾರ್ಯಕ್ರಮ, ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ. ಬಹಳ ಒಳ್ಳೆಯ ಕಾರ್ಯಕ್ರಮ, ಮನಸಾರೆ ಹೇಳುತ್ತೇನೆ. ಆದರೆ ಮಾತ್ರೆ ಶುರುವಾದ ಮೊದಲ ವಾರ ಆ ಹುಡುಗ ಹಗಲೆಲ್ಲ ಮಂಪರಿನಲ್ಲಿ ಬಿದ್ದಿರುತ್ತಿದ್ದ, ಬಾಯಿ ಒಣಗುತ್ತಿತ್ತು, ಇನ್ನು ನುಂಗುವುದಿಲ್ಲ ಅಂದ. ಆಗ ಆ ಹಿರಿಯರು, "ನನಗೂ ಹಾಗೇ ಆಗಿತ್ತು, ಬರೋ ಮಂಗಳವಾರ ಡಾಕ್ಟರಿಗೆ ಹೇಳೋಣ, ಅಲ್ಲಿವರೆಗೆ ನಿಲ್ಲಿಸಬೇಡ" ಅಂದರು. ಅವನು ಕೇಳಿದ. ಆ ಮಾತನ್ನು ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ, ಅವರಮ್ಮ ಹೇಳಿದ್ದಕ್ಕಂತೂ ಕೇಳಿರಲಿಲ್ಲ. ಈಗ ಹುಡುಗ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ.

ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮನಸ್ಸಿನ ಕಾಯಿಲೆಯ ಬಗ್ಗೆ ಕಲಿಸಿ, ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿಕೊಟ್ಟರು. ಅದನ್ನೇ ನೋಡಿ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರಲ್ಲಿ ಟೆಲಿ ಮಾನಸ್ ಎಂಬ ಫೋನ್ ಸಹಾಯವಾಣಿ ಬಂದಾಗಲೂ ಅದರ ಮುಖ್ಯ ಕೇಂದ್ರ ನಿಮ್ಹಾನ್ಸೇ ಆಯಿತು. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. (ಈ ಪತ್ರ ಓದುವ ಬೇರೆಯವರೂ ಆ ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ, ಬೇಕಾದಾಗ ಹುಡುಕುವ ಸ್ಥಿತಿಯಲ್ಲಿ ಇರುವುದಿಲ್ಲ.) ಜನರ ನಡುವೆ ಇದ್ದುಕೊಂಡೇ ಚಿಕಿತ್ಸೆ ಪಡೆಯುವುದು ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೇ ಇದೆ. ಇಷ್ಟು ಮಾಡಿದ ರಾಜ್ಯಕ್ಕೆ ಮುಂದಿನ ಹೆಜ್ಜೆ ಕಷ್ಟವಲ್ಲ. ಚಿಕಿತ್ಸೆ ಪಡೆದವರನ್ನೇ ಕೆಲಸಕ್ಕೆ ಕರೆಯಿರಿ.

ಹೆಂಗಸರ ಮಾತು ಬಿಟ್ಟರೆ ಈ ಪತ್ರ ಅರ್ಧವೇ ಆಗುತ್ತದೆ. ನಮ್ಮ ಹೆಂಡತಿಯರು ಮೊದಮೊದಲು ಹೊರಗೆ ನಿಂತು ಕಾಯುತ್ತಿದ್ದರು, ಗಂಡ ನಿಜವಾಗಿ ಇಲ್ಲೇ ಬಂದನಾ ಅಂತ ನೋಡಲು. ನಿಂತವರು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಈಗ ಅವರದೇ ಒಂದು ಕೂಟ. ಗಂಡ ಕುಡಿತ ಬಿಟ್ಟ ಮೇಲೆ ನನಗೆ ನಿದ್ದೆ ಹೋಯಿತು ಅಂತ ಒಬ್ಬರು ಅಲ್ಲಿ ಹೇಳಿದರಂತೆ, ಹದಿನೈದು ವರ್ಷ ಗಟ್ಟಿ ಹಿಡಿದುಕೊಂಡಿದ್ದದ್ದು ಈಗ ಸಡಿಲ ಆಗಿ ಕುಸಿದುಬಿಟ್ಟೆ ಅಂತ. ಅವರಿಗೆ ಖಿನ್ನತೆ ಇತ್ತು, ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮೂವರು ಹೆಂಗಸರು ಸ್ವತಃ ಕುಡಿಯುವವರೂ ಇದ್ದಾರೆ, ಅವರು ಗಂಡಸರ ಮುಂದೆ ಬಾಯಿ ಬಿಡುವುದಿಲ್ಲ. ಆದ್ದರಿಂದ ಅವರಿಗೆ ಬೇರೆ ಹೊತ್ತು ಕೊಡಿ, ಹಗಲಿನ ಹೊತ್ತು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ನಿಷೇಧ ಒಂದೇ ದಾರಿ ಅಂತ ನನಗೆ ಅನಿಸುವುದಿಲ್ಲ. 2007ರಲ್ಲಿ ಸಾರಾಯಿ ನಿಂತಾಗ ನಾನು ಸಾರಾಯಿ ಬಿಟ್ಟು ಟೆಟ್ರಾ ಪ್ಯಾಕ್ ಹಿಡಿದವನು. ಆದರೆ ಆ ಹೆಣ್ಣುಮಕ್ಕಳ ಸವೆದ ಕಾಲಿಗೆ ಉತ್ತರ ಕೊಡುವ ಸಾಲ ಸರ್ಕಾರದ ಮೇಲೆ ಇನ್ನೂ ಇದೆ.

ದುಡ್ಡಿನ ಮಾತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದಿರಿ. ಅದರಲ್ಲಿ ಸಾವಿರಕ್ಕೆ ಒಂದು ರೂಪಾಯಿ ತೆಗೆದಿಟ್ಟರೆ 40 ಕೋಟಿ. ರಾಜ್ಯದಲ್ಲಿ 240 ತಾಲೂಕು ಅಂತ ಇಟ್ಟುಕೊಂಡರೂ ಒಂದೊಂದಕ್ಕೆ ವರ್ಷಕ್ಕೆ 16 ಲಕ್ಷಕ್ಕೂ ಜಾಸ್ತಿ. ನಮಗೆ ಅಷ್ಟೂ ಬೇಕಾಗಿಲ್ಲ. ಒಬ್ಬರಿಗೆ ಸಂಬಳ, ದೂರದಿಂದ ಬರುವವರಿಗೆ ಬಸ್ ಚಾರ್ಜು, ಟೀ. ಅಬಕಾರಿಗೆ ನಾನೂ ಇಪ್ಪತ್ತು ವರ್ಷ ಕೊಟ್ಟವನು, ಆ ದುಡ್ಡಿನಲ್ಲಿ ನನ್ನ ಮಗಳ ಕಾಲೇಜು ಫೀಸು ಸೇರಿದೆ, ಹೆಂಡತಿಯ ಓಲೆ ಸೇರಿದೆ.

ಈಗ ನಮ್ಮ ಕೋಣೆಯ ಕಥೆ. ಆರು ವರ್ಷ ಒಂದು ಶಾಲೆಯ ಕೋಣೆಯಲ್ಲಿ ಕೂರುತ್ತಿದ್ದೆವು. ಕಸ ಗುಡಿಸಿ, ಬೆಂಚು ಸರಿ ಮಾಡಿ ಬೀಗ ಹಾಕಿ ಹೋಗುತ್ತಿದ್ದೆವು. ಕಳೆದ ವರ್ಷ ಯಾರೋ ದೂರು ಕೊಟ್ಟರು, ಶಾಲೆಯಲ್ಲಿ ಕುಡುಕರ ಸಂಘ ನಡೆಯುತ್ತಿದೆ ಅಂತ. ಬೀಗದ ಕೈ ವಾಪಸ್ ಕೇಳಿದರು. ಕೊಟ್ಟೆವು. ಶಾಲೆಯ ಹೆಸರು ಹೇಳುವುದಿಲ್ಲ, ಅವರಿಗೂ ಒತ್ತಡ ಇತ್ತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತೆವು, ಹೆಸರು ಹೇಳಲು ಹೆದರಿ ಐದು ಜನ ನಿಂತುಹೋದರು. ಈಗ ಒಂದು ದೇವಸ್ಥಾನದ ಹಿಂದಿನ ಜಗಲಿಯಲ್ಲಿ ಕೂರುತ್ತೇವೆ. ನಿಂತುಹೋದ ಐವರಲ್ಲಿ ಒಬ್ಬರು ಮತ್ತೆ ಶುರು ಮಾಡಿ, ಈ ಮೇ ತಿಂಗಳಲ್ಲಿ ತೀರಿಕೊಂಡರು. ಮತ್ತೆ ಶುರು ಮಾಡುವ ಮೊದಲು ಅವರು ಕುಡಿತ ಬಿಟ್ಟು ಎರಡು ವರ್ಷ ಒಂದು ತಿಂಗಳು ತುಂಬಿತ್ತು. ನಮ್ಮಲ್ಲಿ ದಿನ ಎಣಿಸುತ್ತೇವೆ, ಅದಕ್ಕೇ ನೆನಪಿದೆ. ಕೋಣೆ ಇದ್ದಿದ್ದರೆ ಉಳಿಯುತ್ತಿದ್ದರು ಅಂತ ಖಂಡಿತ ಹೇಳಲು ನನ್ನಿಂದ ಆಗುವುದಿಲ್ಲ. ಆದರೆ ಶುಕ್ರವಾರ ಬರುತ್ತಿದ್ದರು.

ಆಸ್ಪತ್ರೆಯ ಕೋಣೆ ಯಾಕೆ ಕೇಳುತ್ತೇನೆ ಅಂದರೆ ಅಲ್ಲಿಗೆ ಯಾರು ಯಾಕೆ ಹೋದರು ಅಂತ ಯಾರೂ ಕೇಳುವುದಿಲ್ಲ. ಜ್ವರಕ್ಕೂ ಹೋಗಬಹುದು, ಬಿಪಿಗೂ ಹೋಗಬಹುದು. ಸಂಜೆ ಹೊರರೋಗಿ ವಿಭಾಗದ ಕೋಣೆಗಳು ಖಾಲಿ ಇರುತ್ತವೆ, ನಾನೇ ನೋಡಿದ್ದೇನೆ.

ಕೊಡುವಾಗ ದಯವಿಟ್ಟು ಕೆಲವು ಮಾತು ನೆನಪಿಡಿ. ಹಾಜರಿ ಪುಸ್ತಕ ಇಡಬೇಡಿ, ಆಧಾರ್ ಕೇಳಬೇಡಿ. ತಲೆ ಎಣಿಸಿ ಎಷ್ಟು ಜನ ಅಂತ ಬರೆದುಕೊಳ್ಳಿ, ಸಾಕು. ಉದ್ಘಾಟನೆ ಬೇಡ, ಫೋಟೋ ಬೇಡ, ಬಾಗಿಲ ಮೇಲೆ ವ್ಯಸನಿಗಳ ಕೇಂದ್ರ ಅಂತ ಬೋರ್ಡು ಬೇಡ. ಕುಡಿತ ಬಿಟ್ಟವರನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಬೇಡಿ, ಊರೆಲ್ಲ ಹೊಗಳಿದ ಮೇಲೆ ಜಾರಿದರೆ ಅವನು ನಾಚಿಕೆಗೇ ಸತ್ತುಹೋಗುತ್ತಾನೆ. ನೇಮಕಕ್ಕೆ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು ಅಂತ ಹಾಕಬೇಡಿ. ನನ್ನನ್ನು ಉಳಿಸಿದ ಡ್ರೈವರ್ ಏಳನೇ ಕ್ಲಾಸು. ಎರಡು ವರ್ಷವಾದರೂ ಬಿಟ್ಟಿರಬೇಕು, ಮಾತು ಹೊರಗೆ ಹಾಕಬಾರದು, ಮಾತ್ರೆ ನಿಲ್ಲಿಸು ಅಂತ ಯಾರಿಗೂ ಹೇಳಬಾರದು, ಕೈ ಎತ್ತಬಾರದು. ಇದನ್ನು ನೋಡಿ ಆರಿಸಿ. ತಪ್ಪು ಮಾಡಿದರೆ ತೆಗೆದುಹಾಕಿ. ಎಲ್ಲ ತಾಲೂಕಿನಲ್ಲೂ ಒಂದೇ ಸಲ ಆಗದಿದ್ದರೆ ಜಿಲ್ಲೆಗೆ ಒಂದರಂತೆ ಶುರು ಮಾಡಿ, ವರ್ಷ ನೋಡಿ.

ವೈದ್ಯರಿಗೆ ಬೇರೆಯಾಗಿ ಒಂದು ಮಾತು. ಮೇಲಿಂದ ಆದೇಶ ಬರಲು ಎಷ್ಟು ದಿನ ಬೇಕೋ. ಅಲ್ಲಿವರೆಗೆ ಹನ್ನೊಂದನೇ ದಿನ ಮನೆಗೆ ಕಳಿಸುವಾಗ, ನಿಮ್ಮ ಊರಿನಲ್ಲಿ ಬಿಟ್ಟವರು ಯಾರಾದರೂ ನಿಮಗೆ ಗೊತ್ತಿದ್ದರೆ, ಅವರನ್ನು ಮೊದಲು ಕೇಳಿ, ಒಪ್ಪಿದರೆ ಅವರ ನಂಬರನ್ನು ಚೀಟಿಯ ಹಿಂದೆ ಬರೆದುಕೊಡಿ. ನಮ್ಮನ್ನು ಕೇಳಿದರೆ ನಾವು ಯಾರೂ ಬೇಡ ಅನ್ನುವುದಿಲ್ಲ.

ಮುಂದಿನ ಶುಕ್ರವಾರವೂ ಆರು ಗಂಟೆಗೆ ಜಗಲಿಯಲ್ಲೇ ಇರುತ್ತೇವೆ. ಮಳೆ ಬಂದರೆ ಒಂದು ಕಡೆ ನೀರು ಹೊಡೆಯುತ್ತದೆ, ಇನ್ನೊಂದು ಕಡೆ ಹನ್ನೆರಡು ಜನ ಕೂರಬಹುದು. ಎಂಟು ಗಂಟೆಗೆ ಮುಗಿಸುತ್ತೇವೆ, ಹಳ್ಳಿಯವರಿಗೆ ಕೊನೆಯ ಬಸ್ಸು ಎಂಟೂ ಇಪ್ಪತ್ತಕ್ಕೆ.

ಇಂತಿ,
ಶುಕ್ರವಾರದ ಕೂಟದವರಲ್ಲಿ ಒಬ್ಬ